ಎಕ್ಸೆಲ್‌ನಲ್ಲಿ ಸೇರಿಸಿದ ಹಂಚಿನ ಕೆಂಪು ಮರುದಿನ ಕಂದಾಗುತ್ತಿದೆ

ಹಂಚಿನಂಗಡಿ, ಮಂಗಳೂರು:
ದಾಸ್ತಾನು ಪಟ್ಟಿಯ ಹಂಚಿನ ಸಾಲುಗಳಿಗೆಂದು ‘ಮೋರ್ ಕಲರ್ಸ್’ ತೆರೆದು, ‘ಕಸ್ಟಮ್’ ಪುಟದಲ್ಲಿ ಕೆಂಪು 180, ಹಸಿರು 75, ನೀಲಿ 40 ಎಂದು ತುಂಬಿ ಬಣ್ಣ ಹಚ್ಚುತ್ತೇನೆ. ಸಂಜೆ ಸರಿಯಾಗಿಯೇ ಇದ್ದದ್ದು ಮರುದಿನ ಫೈಲ್ ತೆರೆದಾಗ ಕಂದಾಗಿರುತ್ತದೆ. ನಾಲ್ಕು ದಿನಗಳಿಂದ ಇದೇ ಕೆಲಸವಾಗಿದೆ.

ಕಾರ್ಕಳದ ಮೇಷ್ಟ್ರು:
ವಿಂಡೋಸ್‌ನ ‘ನೈಟ್ ಲೈಟ್’ ಸಂಜೆ ತಾನಾಗಿ ಚಾಲೂ ಆಗಿ, ಪರದೆಯ ನೀಲಿ ತಗ್ಗಿ, ಎಲ್ಲವೂ ಕೆಂಪೇರಿ ಕಾಣುತ್ತಿರಬೇಕು. ಅದನ್ನು ಆರಿಸಿ ನೋಡಿ.

ಹಂಚಿನಂಗಡಿ:
ಅದು ಮೊದಲಿನಿಂದಲೂ ಆರಿಯೇ ಇದೆ, ಮೇಷ್ಟ್ರೇ.

ಕಾರ್ಕಳದ ಮೇಷ್ಟ್ರು:
ಹಾಗಾದರೆ ಮಾನಿಟರ್‌ನಲ್ಲೇ ಅಂಥದೊಂದು ವ್ಯವಸ್ಥೆ ಇರುತ್ತದೆ. ಅದರ ಗುಂಡಿ ಒತ್ತಿ ಪರಿಶೀಲಿಸಿ.

ಕುಂದಾಪುರದವ:
ನೀವು ಕೊಟ್ಟಿರುವುದು ಭಟ್ಟಿಯಿಂದ ಆಗಷ್ಟೇ ಇಳಿಸಿದ ಹಂಚಿನ ಬಣ್ಣ. ಎರಡು ಮಳೆಗಾಲ ಕಂಡ ಮಾಡಿಗೆ ಕಂದೇ ಸರಿ! ನಾನಂತೂ ಲಿಬ್ರೆ ಆಫೀಸ್ ಎಂಬ ಬೇರೆ ತಂತ್ರಾಂಶದಲ್ಲಿ ಇಂತಹ ಮೂವತ್ತು ಬಣ್ಣಗಳನ್ನು ಹೆಸರಿಟ್ಟು ಸೇರಿಸಿಕೊಂಡಿದ್ದೇನೆ.

ಉಡುಪಿಯ ಲೆಕ್ಕಿಗ:
ಹಂಚಿನ ವಯಸ್ಸು ಆಮೇಲೆ ನೋಡೋಣ. ಪಟ್ಟಿಯಲ್ಲಿ ಕಂದಾದ ಒಂದು ಮನೆಯನ್ನು (ಸೆಲ್) ಆರಿಸಿ, ಪುನಃ ‘ಮೋರ್ ಕಲರ್ಸ್’ ತೆರೆದು ಅಲ್ಲಿನ ಮೂರು ಅಂಕಿಗಳನ್ನು ತಿಳಿಸಿ. ಪರದೆಯದ್ದೇ ದೋಷವಾದರೆ ಅಂಕಿ ಬದಲಾಗುವುದಿಲ್ಲ.

ಹಂಚಿನಂಗಡಿ:
153, 51, 0 ಎಂದಿದೆ.

ಉಡುಪಿಯ ಲೆಕ್ಕಿಗ:
ಅದು ಹಳೆಯ ಎಕ್ಸೆಲ್‌ನ ಸಿದ್ಧ ಕಂದು. ಫೈಲ್ ‘.ಎಕ್ಸ್‌ಎಲ್‌ಎಸ್’ ಎಂಬ ಹಳೆಯ ಮಾದರಿಯದ್ದೇ? ನಡುವೆ ಬೇರೆ ಯಾರಾದರೂ ಅದನ್ನು ತೆರೆಯುತ್ತಾರೆಯೇ?

ಹಂಚಿನಂಗಡಿ:
ಹೌದು, ಅದೇ ಮಾದರಿ. ರಾತ್ರಿ ಗೋಡೌನಿನ ರೈಟರು ಎಕ್ಸೆಲ್ 2003ರಲ್ಲಿ ಲೋಡಿನ ಲೆಕ್ಕ ಬರೆದು ಸೇವ್ ಮಾಡುತ್ತಾರೆ. ಅವರು ಬಣ್ಣವನ್ನು ಮುಟ್ಟುವುದಿಲ್ಲವಾದ್ದರಿಂದ ಹೇಳಲಿಲ್ಲ.

ಉಡುಪಿಯ ಲೆಕ್ಕಿಗ:
ಅವರು ಮುಟ್ಟಬೇಕಾಗಿಯೇ ಇಲ್ಲ. ಎಕ್ಸೆಲ್ 2003ರಲ್ಲಿ ಒಂದು ಫೈಲಿಗೆ 56 ಬಣ್ಣಗಳ ತಟ್ಟೆ ಮಾತ್ರ ಇರುತ್ತದೆ. ಅದರಲ್ಲಿಲ್ಲದ ಬಣ್ಣ ಬಂದರೆ ಹತ್ತಿರದ ಒಂದನ್ನು ಹಾಕಿಬಿಡುತ್ತದೆ, ಸೇವ್ ಮಾಡಿದೊಡನೆ ಅದೇ ಖಾಯಂ ಆಗುತ್ತದೆ. ನಿಮ್ಮ ಎಕ್ಸೆಲ್‌ನಲ್ಲಿ ‘ಫೈಲ್’, ‘ಆಪ್ಷನ್ಸ್’, ‘ಸೇವ್’ ಎಂದು ಹೋಗಿ, ಕೊನೆಯಲ್ಲಿರುವ ‘ಕಲರ್ಸ್’ ಗುಂಡಿ ಒತ್ತಿ, ಒಂದು ಬಣ್ಣವನ್ನು ‘ಮಾಡಿಫೈ’ ಮಾಡಿ 180, 75, 40 ಕೊಡಿ. ಈ ತಟ್ಟೆ ಆ ಫೈಲಿನೊಳಗೇ ಉಳಿಯುವುದರಿಂದ ಪ್ರತಿ ಫೈಲಿಗೂ ಬೇರೆಯಾಗಿ ಮಾಡಬೇಕು.

ಕಾರ್ಕಳದ ಮೇಷ್ಟ್ರು:
ಆದರೂ ಮಾನಿಟರನ್ನು ಒಮ್ಮೆ ನೋಡಿಸುವುದು ಒಳ್ಳೆಯದು.

ಹಂಚಿನಂಗಡಿ:
ಇವತ್ತು ಬೆಳಿಗ್ಗೆ ಕೆಂಪು ಹಾಗೆಯೇ ಉಳಿದಿತ್ತು. ಆದರೆ ನಾನು ಆ ಕಂದನ್ನೇ ಬದಲಿಸಿದ್ದರಿಂದ, ರೈಟರು ಕಂದಿನಲ್ಲಿ ಗುರುತಿಟ್ಟಿದ್ದ ಹಳೆ ಬಾಕಿಯ ಸಾಲುಗಳೂ ಗೋಡೌನಿನಲ್ಲಿ ಹಂಚಿನ ಕೆಂಪಾಗಿ ಕಂಡುವಂತೆ; ಅವರು ಫೋನ್ ಮಾಡಿ ಸಿಟ್ಟಾದರು.

ಉಡುಪಿಯ ಲೆಕ್ಕಿಗ:
ಕಂದಿಗೆ ಅದರ 153, 51, 0 ಹಿಂದಿರುಗಿಸಿ, ಪಟ್ಟಿಯಲ್ಲಿ ಎಲ್ಲಿಯೂ ಬಳಸದ ಒಂದು ಬಣ್ಣವನ್ನು ಬದಲಿಸಿ. ತಟ್ಟೆಯ ಮೇಲಿನ 40 ಬಣ್ಣಗಳಲ್ಲಿಯೇ ಆರಿಸಿ. ಕೆಳಗಿನ 16 ಚಾರ್ಟ್‌ಗಳಿಗೆಂದು ಇರುವಂಥವು.