ಕ್ಯೂಜಿಐಎಸ್: ಓದಲು ಒಂದು ಸರ್ವರ್, ಬರೆಯಲು ಇನ್ನೊಂದು – ಸೇವ್ ಮಾಡಿದ ಬಿಂದು ಕಾಣೆಯಾಗುತ್ತಿದೆ

ಪ್ರಶ್ನೆ (ಬ್ರಹ್ಮಾವರದಿಂದ)

ನಮಸ್ಕಾರ. ಸೀತಾ ಮತ್ತು ಸ್ವರ್ಣಾ ನದಿಗಳ ಬದಿಯ ಕಿಂಡಿ ಅಣೆಕಟ್ಟುಗಳನ್ನೂ ಅವುಗಳ ಆಸುಪಾಸಿನ ತೆರೆದ ಬಾವಿಗಳನ್ನೂ ನಾವು ಏಳೆಂಟು ಮಂದಿ ಹವ್ಯಾಸಕ್ಕಾಗಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನಕ್ಷೆಗೆ ಏರಿಸುತ್ತಿದ್ದೇವೆ. ಮಾಹಿತಿಯೆಲ್ಲ ಪೋಸ್ಟ್‌ಜಿಐಎಸ್‌ನಲ್ಲಿದೆ (ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡೇಟಾಬೇಸಿಗೆ ನಕ್ಷೆಯ ಮಾಹಿತಿ ಇಡುವ ಸೌಲಭ್ಯ ಸೇರಿಸುವ ತಂತ್ರಾಂಶ). ಮುಖ್ಯ ಸರ್ವರ್ ಮಣಿಪಾಲದ ಮಿತ್ರರೊಬ್ಬರ ಕಚೇರಿಯಲ್ಲಿದ್ದು, ಬದಲಾವಣೆಗಳನ್ನು ಆದ ಹಾಗೆಯೇ ಕಳುಹಿಸುವ ಸ್ಟ್ರೀಮಿಂಗ್ ರೆಪ್ಲಿಕೇಶನ್ ಮೂಲಕ ಅದರ ರೆಪ್ಲಿಕಾ (ನಕಲು ಸರ್ವರ್) ಮಂಗಳೂರಿನಲ್ಲಿ ನಡೆಯುತ್ತಿದೆ. ಓದುವ ಕೆಲಸವನ್ನು ರೆಪ್ಲಿಕಾದಿಂದಲೂ ಬರೆಯುವ ಕೆಲಸವನ್ನು ಮುಖ್ಯ ಸರ್ವರಿನಲ್ಲೂ ಮಾಡಬೇಕೆಂದು ಆ ಮಿತ್ರರು ನಮಗೆ ಎರಡು ವಿಳಾಸ ಕೊಟ್ಟಿದ್ದಾರೆ. ಆದರೆ ಕ್ಯೂಜಿಐಎಸ್‌ನ ಕನೆಕ್ಷನ್ ಕಿಟಕಿಯಲ್ಲಿ ಹೋಸ್ಟ್ ಬರೆಯಲು ಇರುವುದು ಒಂದೇ ಜಾಗ.

ರೆಪ್ಲಿಕಾದ ವಿಳಾಸ ಕೊಟ್ಟರೆ ನಕ್ಷೆ ಚೆನ್ನಾಗಿಯೇ ತೆರೆಯುತ್ತದೆ, ಆದರೆ ತಿದ್ದುವ ಪೆನ್ಸಿಲ್ ಗುರುತು ಮಸುಕಾಗಿಯೇ ಉಳಿಯುತ್ತದೆ. ಆಮೇಲೆ ಓದುವುದನ್ನೂ ಬರೆಯುವುದನ್ನೂ ತಾನೇ ಬೇರ್ಪಡಿಸಿ ಕಳುಹಿಸುವ ಪಿಜಿಪೂಲ್ ಅನ್ನು ನಡುವೆ ಇಟ್ಟು ನೋಡಿದೆವು. ಈಗ ಬಾವಿಯೊಂದನ್ನು ಗುರುತಿಸಿ ಸೇವ್ ಒತ್ತಿದ ಕೂಡಲೇ ಆ ಬಿಂದು ಪರದೆಯಿಂದ ಕಾಣೆಯಾಗುತ್ತದೆ, ನಕ್ಷೆಯನ್ನು ಸ್ವಲ್ಪ ಸರಿಸಿದರೆ ಮರಳಿ ಬರುತ್ತದೆ. ಕಾಣಲಿಲ್ಲವೆಂದು ನಮ್ಮವರೊಬ್ಬರು ಒಂದೇ ಬಾವಿಯನ್ನು ಮೂರು ಸಲ ಗುರುತಿಸಿಬಿಟ್ಟಿದ್ದಾರೆ. ಇದನ್ನು ಸರಿಪಡಿಸುವ ಬಗೆ ಯಾವುದು?

ಉತ್ತರ (ಸುರತ್ಕಲ್‌ನಿಂದ)

ಪೆನ್ಸಿಲ್ ಮಸುಕಾಗಿರುವುದು ದೋಷವಲ್ಲ. ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿರುವ, ಅಂದರೆ ರೆಪ್ಲಿಕಾ ಆಗಿರುವ, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಯಾವ ಬರವಣಿಗೆಯನ್ನೂ ಸ್ವೀಕರಿಸುವುದಿಲ್ಲ. ಕ್ಯೂಜಿಐಎಸ್ ಲೇಯರ್ (ನಕ್ಷೆಯ ಒಂದು ಪದರ) ತೆರೆಯುವಾಗಲೇ ಅದನ್ನು ವಿಚಾರಿಸಿ ತಿದ್ದುವ ಅವಕಾಶವನ್ನು ಮುಚ್ಚಿಬಿಡುತ್ತದೆ. ಕ್ಯೂಜಿಐಎಸ್‌ನಲ್ಲೇ ಇರುವ ಡಿಬಿ ಮ್ಯಾನೇಜರಿನಲ್ಲಿ ‘ಸೆಲೆಕ್ಟ್ ಪಿಜಿ_ಈಸ್_ಇನ್_ರಿಕವರಿ()’ ಎಂದು ನೀವೇ ಕೇಳಿ ನೋಡಬಹುದು (ಟೈಪ್ ಮಾಡುವಾಗ ರೋಮನ್ ಅಕ್ಷರ ಬಳಸಿ). ಉತ್ತರ ‘ಟ್ರೂ’ ಎಂದು ಬಂದರೆ ನೀವು ರೆಪ್ಲಿಕಾದಲ್ಲಿದ್ದೀರಿ.

ಬಿಂದು ಕಾಣೆಯಾಗುವುದಕ್ಕೆ ಕಾರಣ ಬೇರೆ. ಸೇವ್ ಒತ್ತಿದಾಗ ಬರವಣಿಗೆ ಮಣಿಪಾಲಕ್ಕೆ ಹೋಗುತ್ತದೆ, ಅದರ ಬೆನ್ನಿಗೇ ಕ್ಯೂಜಿಐಎಸ್ ಆ ಲೇಯರನ್ನು ಮತ್ತೆ ಓದಿ ಪರದೆಯ ಮೇಲೆ ಬಿಡಿಸುತ್ತದೆ. ಆ ಓದು ಮಂಗಳೂರಿನ ರೆಪ್ಲಿಕಾಕ್ಕೆ ಹೋದರೆ, ಹೊಸ ಬಿಂದು ಅಲ್ಲಿಗೆ ಇನ್ನೂ ತಲುಪಿರುವುದಿಲ್ಲ. ವಿಳಂಬ ಅರ್ಧ ಸೆಕೆಂಡ್ ಇದ್ದರೂ ಸಾಕು, ಹೀಗಾಗುತ್ತದೆ. ಮುಖ್ಯ ಸರ್ವರಿನ ‘ಸಿಂಕ್ರೊನಸ್_ಕಮಿಟ್’ ಎಂಬ ಸೆಟ್ಟಿಂಗಿಗೆ ‘ರಿಮೋಟ್_ಅಪ್ಲೈ’ ಎಂಬ ಬೆಲೆ (ವ್ಯಾಲ್ಯೂ) ಕೊಟ್ಟು, ರೆಪ್ಲಿಕಾವನ್ನು ಸಿಂಕ್ರೊನಸ್ ಎಂದು ಹೆಸರಿಸಿದರೆ, ಅಲ್ಲಿ ಬದಲಾವಣೆ ಕಾಣುವವರೆಗೂ ಸೇವ್ ಮುಗಿಯದಂತೆ ಮಾಡಬಹುದು. ಆದರೆ ಮಳೆಗಾಲದಲ್ಲಿ ಮಂಗಳೂರಿನ ಲೈನ್ ಕಡಿದರೆ ನಿಮ್ಮೆಲ್ಲರ ಸೇವ್ ಕೂಡ ಅಲ್ಲಿಗೇ ನಿಲ್ಲುತ್ತದೆ. ಏಳೆಂಟು ಮಂದಿಯ ಕೆಲಸಕ್ಕೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ.

ನಡುವಿನ ಪಿಜಿಪೂಲ್ ಅನ್ನು ತೆಗೆದು, ಲೇಯರುಗಳ ಮಟ್ಟದಲ್ಲೇ ಬೇರ್ಪಡಿಸಿ. ನೀವು ತಿದ್ದುವ ಬಾವಿ ಮತ್ತು ಅಣೆಕಟ್ಟಿನ ಲೇಯರುಗಳನ್ನು ಓದುವುದೂ ಬರೆಯುವುದೂ ಮುಖ್ಯ ಸರ್ವರಿನಲ್ಲೇ ನಡೆಯಲಿ. ಯಾರೂ ಮುಟ್ಟದ ನದಿ, ರಸ್ತೆ, ಗ್ರಾಮದ ಗಡಿ, ಸರ್ವೆ ನಂಬರಿನಂಥ ಭಾರವಾದ ಲೇಯರುಗಳು ಮಾತ್ರ ರೆಪ್ಲಿಕಾದಿಂದ ಬರಲಿ. ಸರ್ವರಿನ ಮೇಲೆ ಹೊರೆ ಬೀಳುವುದು ಇವುಗಳಿಂದಲೇ ಹೊರತು ನಿಮ್ಮ ಕೆಲವು ನೂರು ಬಿಂದುಗಳಿಂದಲ್ಲ.

ಇದಕ್ಕೆ ‘ಪಿಜಿ_ಸರ್ವಿಸ್.ಕಾನ್ಫ್’ ಎಂಬ ಕಡತದಲ್ಲಿ ಎರಡು ಸರ್ವಿಸ್ (ಹೆಸರು ಕೊಟ್ಟ ಸಂಪರ್ಕ ವಿವರ) ಬರೆಯಬೇಕು. ಚೌಕ ಆವರಣದಲ್ಲಿ ಸರ್ವಿಸಿನ ಹೆಸರು, ಅದರ ಕೆಳಗೆ ಸಾಲಿಗೊಂದರಂತೆ ಹೋಸ್ಟ್, ಪೋರ್ಟ್, ಡೇಟಾಬೇಸಿನ ಹೆಸರು ಬರುತ್ತವೆ. ‘ಬರೆ’ ಎಂಬ ಸರ್ವಿಸಿನ ಹೋಸ್ಟ್ ಸಾಲಿನಲ್ಲಿ ಎರಡೂ ವಿಳಾಸಗಳನ್ನು ಅಲ್ಪವಿರಾಮ ಹಾಕಿ ಕೊಟ್ಟು, ‘ಟಾರ್ಗೆಟ್_ಸೆಷನ್_ಆಟ್ರ್ಸ್’ ಎಂಬುದಕ್ಕೆ ‘ರೀಡ್-ರೈಟ್’ ಎಂದು ಬರೆಯಿರಿ. ಆಗ ಕ್ಯೂಜಿಐಎಸ್ ಬರೆಯಲು ಬಿಡದ ಸರ್ವರನ್ನು ದಾಟಿ ಮುಂದಿನದಕ್ಕೆ ಹೋಗುತ್ತದೆ. ನಾಳೆ ಮಣಿಪಾಲದ ಯಂತ್ರ ಕೆಟ್ಟು ಮಂಗಳೂರಿನದನ್ನೇ ಮುಖ್ಯ ಸರ್ವರ್ ಮಾಡಬೇಕಾಗಿ ಬಂದರೂ ನಿಮ್ಮ ಪ್ರಾಜೆಕ್ಟ್ ಕಡತವನ್ನು ಮುಟ್ಟಬೇಕಿಲ್ಲ. ‘ಓದು’ ಎಂಬ ಸರ್ವಿಸಿನಲ್ಲಿ ಮಂಗಳೂರಿನ ವಿಳಾಸ ಮೊದಲಿರಲಿ, ‘ಪ್ರಿಫರ್-ಸ್ಟ್ಯಾಂಡ್‌ಬೈ’ ಎಂಬ ಬೆಲೆ ಇರಲಿ. ಸರ್ವಿಸಿನ ಹೆಸರನ್ನು ರೋಮನ್ ಅಕ್ಷರದಲ್ಲೇ ಇಟ್ಟುಕೊಳ್ಳುವುದು ಕ್ಷೇಮ. ಕ್ಯೂಜಿಐಎಸ್‌ನಲ್ಲಿ ಎರಡು ಕನೆಕ್ಷನ್ ಮಾಡಿ, ಹೋಸ್ಟ್ ಜಾಗ ಖಾಲಿ ಬಿಟ್ಟು, ಸರ್ವಿಸ್ ಎಂಬಲ್ಲಿ ಈ ಹೆಸರುಗಳನ್ನು ತುಂಬಿಸಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು ಸರ್. ನಾಲ್ಕು ಲ್ಯಾಪ್‌ಟಾಪ್‌ಗಳಲ್ಲಿ ಸರಿಯಾಗಿದೆ, ಬಿಂದು ಈಗ ಸೇವ್ ಆದಲ್ಲೇ ನಿಲ್ಲುತ್ತಿದೆ. ಐದನೆಯದರಲ್ಲಿ ‘ಸರ್ವಿಸ್ ಕಡತದಲ್ಲಿ ಸಿಂಟ್ಯಾಕ್ಸ್ ದೋಷ’ ಎಂದು ಬರುತ್ತಿದೆ. ಆರನೆಯದು ಹಳೆಯ ಕ್ಯೂಜಿಐಎಸ್. ‘ಓದು’ ಸರ್ವಿಸಿನ ಬೆಲೆಯೇ ತಪ್ಪು ಎನ್ನುತ್ತಿದೆ. ಇನ್ನೊಂದು ತೊಂದರೆಯೆಂದರೆ, ದೊಡ್ಡ ಹಾಳೆಯ ನಕ್ಷೆಯನ್ನು ಪಿಡಿಎಫ್ ಮಾಡುವಾಗ ಸರ್ವೆ ನಂಬರಿನ ಲೇಯರ್ ಅರ್ಧಕ್ಕೇ ನಿಂತು, ರಿಕವರಿಯೊಂದಿಗೆ ಸಂಘರ್ಷವಾದ್ದರಿಂದ ಆದೇಶವನ್ನು ರದ್ದು ಮಾಡಲಾಗಿದೆ ಎಂಬ ಅರ್ಥದ ಸಂದೇಶ ಲಾಗ್‌ನಲ್ಲಿ ಬೀಳುತ್ತಿದೆ.

ಉತ್ತರ (ಸುರತ್ಕಲ್‌ನಿಂದ)

ಐದನೆಯದರಲ್ಲಿ ಸಮಚಿಹ್ನೆಯ ಎರಡು ಬದಿಗಳಲ್ಲಿ ಖಾಲಿ ಜಾಗ ಬಿಟ್ಟಿದ್ದೀರೋ ನೋಡಿ. ಆ ಕಡತ ಅದನ್ನು ಸಹಿಸುವುದಿಲ್ಲ. ಇದೇ ಒಂದು ಸ್ಪೇಸ್ ಹುಡುಕುತ್ತ ನಾನೂ ಹಿಂದೆ ಒಂದು ಸಂಜೆ ಕಳೆದಿದ್ದೇನೆ.

ಆರನೆಯದರ ದೋಷ ಸರ್ವರಿನದಲ್ಲ, ಆ ಕ್ಯೂಜಿಐಎಸ್ ಜೊತೆಗೆ ಬಂದಿರುವ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಜೊತೆ ಸಂಪರ್ಕ ಮಾಡಿಸುವ ಲಿಬ್‌ಪಿಕ್ಯೂ ಎಂಬ ಲೈಬ್ರರಿಯದು. ‘ರೀಡ್-ರೈಟ್’ ಎಂಬ ಬೆಲೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ 2017ರ 10ನೇ ಆವೃತ್ತಿಯಿಂದಲೇ ಇದೆ. ‘ಪ್ರಿಫರ್-ಸ್ಟ್ಯಾಂಡ್‌ಬೈ’ ಸೇರಿದ್ದು 2021ರ 14ನೇ ಆವೃತ್ತಿಯಲ್ಲಿ. ಅಲ್ಲಿ ಆ ಸಾಲನ್ನೇ ಅಳಿಸಿಬಿಡಿ. ಹೋಸ್ಟುಗಳನ್ನು ಬರೆದ ಕ್ರಮದಲ್ಲೇ ಪ್ರಯತ್ನಿಸುವುದರಿಂದ ಮಂಗಳೂರು ಮೊದಲಿದ್ದರೆ ಅಷ್ಟೇ ಸಾಕು.

ಪಿಡಿಎಫ್ ವಿಚಾರ ಸ್ವಲ್ಪ ಸೂಕ್ಷ್ಮ. ರೆಪ್ಲಿಕಾದಲ್ಲಿ ನಡೆಯುತ್ತಿರುವ ನಿಮ್ಮ ಓದಿಗೆ ಇನ್ನೂ ಕಾಣಬಹುದಾದ ಹಳೆಯ ಸಾಲುಗಳನ್ನು (ಅವು ಬೇರೆ ಟೇಬಲ್ಲಿನವಾದರೂ ಸರಿ) ಅದೇ ಹೊತ್ತಿಗೆ ಮುಖ್ಯ ಸರ್ವರಿನ ವ್ಯಾಕ್ಯೂಮ್ ಎಂಬ ಶುಚಿ ಕೆಲಸ ಗುಡಿಸಿ ಹಾಕಿದರೆ, ಆ ಬದಲಾವಣೆಯನ್ನು ರೆಪ್ಲಿಕಾವೂ ಜಾರಿಗೆ ತರಲೇಬೇಕು. ಅದು ಕಾಯುವುದು ಮೊದಲೇ ಇಟ್ಟ ಮಿತಿಯಂತೆ 30 ಸೆಕೆಂಡ್. ಆಮೇಲೆ ನಿಮ್ಮ ಓದನ್ನೇ ಕಡಿದುಹಾಕುತ್ತದೆ. ‘ಮ್ಯಾಕ್ಸ್_ಸ್ಟ್ಯಾಂಡ್‌ಬೈ_ಸ್ಟ್ರೀಮಿಂಗ್_ಡಿಲೇ’ ಎಂಬ ಈ ಮಿತಿಯನ್ನು ರೆಪ್ಲಿಕಾದಲ್ಲಿ ಐದು ನಿಮಿಷಕ್ಕೆ ಏರಿಸಲು ನಿಮ್ಮ ಮಿತ್ರರಿಗೆ ಹೇಳಿ. ಅದರಿಂದ ರೆಪ್ಲಿಕಾ ಆ ಹೊತ್ತಿಗೆ ಹಿಂದೆ ಬೀಳುತ್ತದೆ, ಆದರೆ ನೀವು ತಿದ್ದುವ ಲೇಯರುಗಳು ಅಲ್ಲಿಂದ ಬರುತ್ತಿಲ್ಲವಾದ್ದರಿಂದ ತೊಂದರೆಯಿಲ್ಲ. ‘ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್’ ಎಂಬ ಇನ್ನೊಂದು ದಾರಿಯಿದೆ; ಓದಿಗೆ ಬೇಕಾದ ಸಾಲುಗಳನ್ನು ಗುಡಿಸಬೇಡ ಎಂದು ರೆಪ್ಲಿಕಾ ಮುಖ್ಯ ಸರ್ವರಿಗೆ ತಿಳಿಸುವ ವ್ಯವಸ್ಥೆ ಅದು. ಅದನ್ನು ತೆರೆದರೆ ಮುಖ್ಯ ಸರ್ವರಿನಲ್ಲಿ ಕಸ ಉಳಿದು ಟೇಬಲ್ ಊದಿಕೊಳ್ಳಬಹುದು, ಹಾಗಾಗಿ ನಾನು ಅದನ್ನು ಮೊದಲು ಹೇಳಲಿಲ್ಲ.

ಪ್ರಶ್ನೆ ಕೇಳಿದವರು

ಸ್ಪೇಸ್ ಇದ್ದದ್ದು ನಿಜ, ಅದೂ ಪೋರ್ಟಿನ ಸಾಲಿನಲ್ಲಿ. ಮಿತಿಯನ್ನು ಏರಿಸಿದ ಮೇಲೆ ಪಿಡಿಎಫ್ ಪೂರ್ತಿಯಾಗಿ ಬಂದಿದೆ. ಸರ್ವೆ ನಂಬರಿನ ಲೇಯರಿನ ಬಣ್ಣಗಳನ್ನು ಡೇಟಾಬೇಸಿನಲ್ಲಿ ಉಳಿಸಲು ಹೋದಾಗ ಮತ್ತೆ ‘ಬರೆಯಲು ಅನುಮತಿಯಿಲ್ಲ’ ಎಂದಿತು. ಅದೂ ಬರವಣಿಗೆಯೇ ಎಂಬುದು ಆಮೇಲೆ ಹೊಳೆಯಿತು. ಆ ಲೇಯರನ್ನು ಒಮ್ಮೆ ‘ಬರೆ’ ಸರ್ವಿಸಿನಿಂದ ತೆರೆದು ಬಣ್ಣ ಉಳಿಸಿ, ಮರಳಿ ‘ಓದು’ ಸರ್ವಿಸಿಗೆ ಬದಲಿಸಿದ್ದೇವೆ. ಮೂರು ಸಲ ಗುರುತಾದ ಬಾವಿಯ ಎರಡು ಬಿಂದುಗಳನ್ನು ಇವತ್ತು ಅಳಿಸಿದೆವು.