ನನ್ನ ಹೆಸರಲ್ಲಿ ಯಾರೋ ಬೈಕ್ ಸಾಲ ತೆಗೆದಿದ್ದಾರೆ, ಸೆಟಲ್ ಮಾಡಿ ಅಂತಿದ್ದಾರೆ. ದುಡ್ಡು ಕೊಡಲಾ?

ಹಿಪ್ಪುನೇರಳೆ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ಹತ್ತಿರ ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಅಪ್ಪ ತೀರಿಕೊಂಡ ಮೇಲೆ ರೇಷ್ಮೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಇಷ್ಟು ದಿನ ಮನೆ ಪಡಸಾಲೆಯಲ್ಲೇ ಹುಳು ಸಾಕುತ್ತಿದ್ದೆವು. ಈ ಸಲ ಬೇರೆ ಹುಳು ಮನೆ ಕಟ್ಟೋಣ ಅಂತ ಬ್ಯಾಂಕಿಗೆ ಹೋದೆ. ಪಹಣಿ, ಗೂಡು ಮಾರಿದ ಚೀಟಿ ಎಲ್ಲಾ ತಗೊಂಡು ಹೋಗಿದ್ದೆ. ಮ್ಯಾನೇಜರ್ ಕಂಪ್ಯೂಟರ್ ನೋಡಿ, "ಏನಪ್ಪಾ, ಸಿಬಿಲ್ 541 ತೋರಿಸ್ತಿದೆ. ಬೈಕ್ ಸಾಲ ಕಟ್ಟಿಲ್ವಲ್ಲ?" ಅಂದರು. ನನ್ನ ಹತ್ತಿರ ಇರೋದು ಅಪ್ಪ ಓಡಿಸುತ್ತಿದ್ದ ಟಿವಿಎಸ್ ಎಕ್ಸೆಲ್ ಒಂದೇ. ಅದಕ್ಕೆ ಅವತ್ತೇ ಪೂರ್ತಿ ದುಡ್ಡು ಕೊಟ್ಟಿದ್ದೆವು.

ಮನೆಗೆ ಬಂದು ಮೊಬೈಲಲ್ಲಿ ಸಿಬಿಲ್ ವರದಿ, ಅಂದರೆ ನನ್ನ ಹೆಸರಲ್ಲಿರೋ ಸಾಲಗಳ ದಾಖಲೆ, ತೆಗೆದು ನೋಡಿದೆ. ಬೈಕಿಗೆ 96,000, ಫೋನಿಗೆ 18,500. ಎರಡೂ ಒಂದೇ ಫೈನಾನ್ಸ್ ಕಂಪನಿ. ಮೂರು ಕಂತು ಕಟ್ಟಿ ಬಿಟ್ಟಿದ್ದಾರೆ. ವಿಳಾಸ ತುಮಕೂರಿನ ಯಾವುದೋ ಬಾಡಿಗೆ ಮನೆಯದು. ಫೋನ್ ನಂಬರೂ ನನ್ನದಲ್ಲ. ಹೆಸರು, ಹುಟ್ಟಿದ ದಿನ, ಪ್ಯಾನ್ ಮಾತ್ರ ನನ್ನವೇ.

ಹೋದ ಮಂಗಳವಾರ ವಸೂಲಿಯವರು ಇಬ್ಬರು ಆಧಾರ್ ವಿಳಾಸ ಹಿಡಿದು ಮನೆಗೇ ಬಂದರು. ನಾನು ತೋಟದಲ್ಲಿದ್ದೆ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡೋಕೆ ಮಲಗೋದನ್ನು ಜ್ವರ ಅಂತೀವಿ) ಎದ್ದಿತ್ತು. ಆಗ ಎಷ್ಟು ಸೊಪ್ಪು ಹಾಕಿದರೂ ಸಾಲಲ್ಲ ಅಂತ ಸಾಕುವವರಿಗೆ ಗೊತ್ತು. ಮನೆಯಲ್ಲಿ ಅಮ್ಮ ಒಬ್ಬಳೇ. ಜಗಲಿ ಮೇಲೆ ನಿಂತು ಬೀದಿಗೆಲ್ಲಾ ಕೇಳೋ ಹಾಗೆ, "ನಿಮ್ಮ ಮಗ ಗಾಡಿ ಎಲ್ಲಿ ಬಚ್ಚಿಟ್ಟಿದ್ದಾನೆ?" ಅಂದರಂತೆ. ನಾನು ಬಂದು ಸೊಪ್ಪಿನ ಹೊರೆ ಇಳಿಸಿದಾಗ ಅಮ್ಮ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ, "ನಿಜವಾಗ್ಲೂ ನೀನು ತಗೊಂಡಿಲ್ಲ ಅಲ್ವಾ?" ಅಂದಳು. ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಎರಡು ವರ್ಷದ ಹಿಂದೆ ಒಂದು ಬೈಕ್ ಮೇಳದಲ್ಲಿ ಸಾಲ ಎಷ್ಟು ಸಿಗುತ್ತೆ ಅಂತ ವಿಚಾರಿಸಿದ್ದೆ. ಆಧಾರ್, ಪ್ಯಾನ್ ಜೆರಾಕ್ಸ್ ಇಸ್ಕೊಂಡರು. ಅಷ್ಟರಲ್ಲಿ ಗೂಡಿನ ರೇಟು ಬಿತ್ತು. ಗಾಡಿ ಬೇಡ ಅಂತ ಬಿಟ್ಟೆ. ಜೆರಾಕ್ಸ್ ವಾಪಸ್ ಕೇಳಬೇಕು ಅಂತ ಹೊಳೆಯಲೇ ಇಲ್ಲ. ಅಲ್ಲಿಂದಲೇ ಹೋಗಿರಬೇಕು ಅಂತ ನನ್ನ ಅನುಮಾನ. ಆದರೆ ತೋರಿಸೋಕೆ ಏನೂ ಇಲ್ಲ.

ಈಗ ಫೈನಾನ್ಸ್‌ನವರು "20,000 ಕಟ್ಟಿ, ಸೆಟಲ್ ಮಾಡಿ ಮುಗಿಸ್ತೀವಿ" ಅಂತಿದ್ದಾರೆ. ನಮ್ಮ ಮಾವ "ಕೊಟ್ಟು ಕೈ ತೊಳೆದುಕೋ, ಮರ್ಯಾದೆ ಮುಖ್ಯ" ಅಂತಾರೆ. ಕೊಡಲಾ? ಇಲ್ಲ ಅಂದರೆ ಮೊದಲು ಎಲ್ಲಿಗೆ ಹೋಗಲಿ?

ಕ್ಯಾತ್ಸಂದ್ರದವಳು (ತುಮಕೂರು)

ಅಣ್ಣ, ಒಂದು ರೂಪಾಯಿನೂ ಕೊಡಬೇಡಿ. ನನ್ನ ಹೆಸರಲ್ಲಿ ಯಾರೋ ಆ್ಯಪ್ ಸಾಲ ತೆಗೆದಾಗ ನಾನು ಹೆದರಿ 4,000 ಕಟ್ಟಿಬಿಟ್ಟೆ. ಆಮೇಲೆ ಏನು ಹೇಳಿದರೂ "ಸಾಲ ನಿಮ್ಮದಲ್ಲದಿದ್ದರೆ ಯಾಕೆ ಕಟ್ಟಿದ್ರಿ?" ಅಂತ ಅದೇ ಪ್ರಶ್ನೆ. ವರದಿಯಲ್ಲಿ "ಸೆಟಲ್ಡ್" ಅಂತ ಬಿತ್ತು. ಸೆಟಲ್ಡ್ ಅಂದರೆ ಸಾಲ ಮಾಡಿದ್ದು ನೀವೇ, ಪೂರ್ತಿ ಕಟ್ಟಲಿಲ್ಲ ಅಂತ ಅರ್ಥ. ಅದನ್ನು ತೆಗೆಸೋಕೆ ನಾನು ಪಟ್ಟ ಪಾಡು ನಿಮಗೆ ಬೇಡ.

ಇನ್ನೊಂದು ವಿಷಯ, ಇದನ್ನು ಯಾರೂ ಯೋಚನೆ ಮಾಡಲ್ಲ. ಬೈಕ್ ಸಾಲ ನಿಮ್ಮ ಹೆಸರಲ್ಲಿದೆ ಅಂದರೆ ಆರ್‌ಸಿಯೂ ನಿಮ್ಮ ಹೆಸರಲ್ಲೇ ಇರುತ್ತೆ. ಆ ಗಾಡಿ ಈಗಲೂ ಎಲ್ಲೋ ಓಡಾಡ್ತಿರಬಹುದು. ಹೆಲ್ಮೆಟ್ ಇಲ್ಲದ ದಂಡ ಬಿಡಿ, ಇನ್ಶೂರೆನ್ಸ್ ಮುಗಿದಿರುವಾಗ ಯಾರಿಗಾದರೂ ಗುದ್ದಿದರೆ ಪರಿಹಾರದ ಕೇಸು ಆರ್‌ಸಿ ಮಾಲೀಕರ ಮೇಲೆ ಬರುತ್ತೆ. ಫೈನಾನ್ಸ್‌ನವರಿಂದ ಗಾಡಿ ನಂಬರ್ ತಗೊಳ್ಳಿ. ತುಮಕೂರಿನ ವಿಳಾಸ ಅಂದರೆ ಕೆಎ 06 ಇರಬೇಕು. ಎಫ್‌ಐಆರ್ ಆದ ದಿನವೇ ಅದರ ಪ್ರತಿ ಇಟ್ಟು ಆರ್‌ಟಿಒಗೆ ಬರೆದು ಕೊಡಿ.

ಅಮ್ಮನಿಗೆ ಧೈರ್ಯ ಹೇಳಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ ಅಂತ ಆರ್‌ಬಿಐ ನಿಯಮವೇ ಇದೆ. ಎಲ್ಲರೆದುರು ಅವಮಾನ ಮಾಡೋದಕ್ಕೂ ಅವಕಾಶ ಇಲ್ಲ. ಮತ್ತೆ ಬಂದರೆ ಗುರುತಿನ ಚೀಟಿ ಕೇಳಿ, ಫೋಟೋ ತೆಗೆದುಕೊಳ್ಳಿ.

ನಿವೃತ್ತ ಬ್ಯಾಂಕ್ ಗುಮಾಸ್ತ (ಕೋಲಾರ)

ತಮ್ಮಾ, ತಂಗಿ ಹೇಳಿದ್ದು ಸರಿ. ನಾನು 31 ವರ್ಷ ಬ್ಯಾಂಕಿನಲ್ಲಿದ್ದವನು. ಇಂಥ ಕೇಸಿನಲ್ಲಿ ಜನ ಸೋಲೋದು ಪತ್ರ ಬರೆಯೋ ರೀತಿಯಲ್ಲಿ. "ದಯವಿಟ್ಟು ಸಾಲ ಮನ್ನಾ ಮಾಡಿ", "ಸ್ವಲ್ಪ ಸಮಯ ಕೊಡಿ" ಅಂತ ಬರೆದುಬಿಡುತ್ತಾರೆ. ಹಾಗೆ ಬರೆದರೆ ಸಾಲ ಒಪ್ಪಿಕೊಂಡ ಹಾಗೆ. ನೀವು ಬರೆಯಬೇಕಾದ್ದು ಒಂದೇ ಮಾತು: "ಈ ಸಾಲ ನಾನು ಪಡೆದಿಲ್ಲ. ನನ್ನ ದಾಖಲೆಯನ್ನು ಬೇರೆಯವರು ದುರ್ಬಳಕೆ ಮಾಡಿದ್ದಾರೆ." ಸಾಲದ ಅರ್ಜಿ, ಅದರ ಮೇಲಿನ ಫೋಟೋ, ಸಹಿ, ಆಧಾರ್ ಪ್ರತಿ, ದುಡ್ಡು ಯಾರ ಖಾತೆಗೆ ಹೋಯಿತು, ಕಂತು ಯಾವ ಖಾತೆಯಿಂದ ಬಂತು, ಇಷ್ಟನ್ನೂ ಬರಹದಲ್ಲಿ ಕೇಳಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ. ಫೋನಲ್ಲಿ ಆಡಿದ್ದು ಲೆಕ್ಕಕ್ಕಿಲ್ಲ.

ಅದೇ ದಿನ ಚಿಕ್ಕಬಳ್ಳಾಪುರದ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆಗೆ, ಹೋಗಿ. ಐಟಿ ಕಾಯ್ದೆಯ 66ಸಿ ಇದಕ್ಕೇ ಇರೋದು. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. 1930 ಸಹಾಯವಾಣಿ ಮುಖ್ಯವಾಗಿ ಖಾತೆಯಿಂದ ದುಡ್ಡು ಹೋದಾಗ ತಕ್ಷಣ ತಡೆಯೋಕೆ. ನಿಮ್ಮದಕ್ಕೆ ಠಾಣೆಯಲ್ಲಿ ಬರೆದುಕೊಟ್ಟ ದೂರೇ ಆಧಾರ.

ಆಮೇಲೆ ಸಿಬಿಲ್‌ನಲ್ಲಿ ತಕರಾರು ಹಾಕಿ. ಸಿಬಿಲ್ ತಾನಾಗಿಯೇ ಏನೂ ಅಳಿಸಲ್ಲ, ಸಾಲ ಕೊಟ್ಟವರನ್ನು ಕೇಳಿ ತಿದ್ದುತ್ತೆ. ಅದಕ್ಕೇ ಕಂಪನಿಗೆ ಮೊದಲು ಪತ್ರ ಹೋಗಿರಬೇಕು. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2024ರ ಏಪ್ರಿಲ್‌ನಿಂದ ನಿಯಮ ಬಂದಿದೆ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕೂಡ ಇವೆ. ನಾಲ್ಕರಲ್ಲೂ ವರ್ಷಕ್ಕೊಂದು ವರದಿ ಪುಕ್ಕಟೆ ಸಿಗುತ್ತೆ. ಒಂದರಲ್ಲಿ ತಿದ್ದಿಸಿ ಸುಮ್ನೆ ಕೂರಬೇಡಿ. ಕಂಪನಿ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ವಿಚಾರಿಸೋಕೆ ನಂಬರ್ 14448.

ಸೇವಾ ಕೇಂದ್ರ (ಚಿಂತಾಮಣಿ)

ಎರಡು ಕೆಲಸ ಇವತ್ತೇ ಮಾಡಿ ಅಣ್ಣ. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ "ನನ್ನದಲ್ಲ" ಅಂತ ಗುರುತು ಮಾಡಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ರೇಷನ್‌ಗೆ ಬೆರಳು ಕೊಡುವಾಗ ತೆಗೆದು, ಮತ್ತೆ ಹಾಕಿ. ನಮ್ಮಲ್ಲಿ ಜೆರಾಕ್ಸ್‌ಗೆ ಬರೋರಿಗೆ ನಾನು ಪೆನ್ನು ಕೊಟ್ಟು, ಯಾವ ಕೆಲಸಕ್ಕೆ, ಯಾವ ದಿನ ಅಂತ ಅಕ್ಷರದ ಮೇಲೇ ಅಡ್ಡಡ್ಡ ಬರೆಸುತ್ತೇನೆ.

ಹಿಪ್ಪುನೇರಳೆ (ಶಿಡ್ಲಘಟ್ಟ)

ಏಳು ವಾರ ಆಯಿತು. ದುಡ್ಡು ಕೊಡಲಿಲ್ಲ. ಎಫ್‌ಐಆರ್ ಆಗಿದೆ. ಎರಡನೇ ಪತ್ರಕ್ಕೆ ಫೈನಾನ್ಸ್‌ನವರು ಸಾಲದ ಫೈಲ್ ಪ್ರತಿ ಕೊಟ್ಟರು.

ಫೋಟೋದಲ್ಲಿರೋನು ಯಾರೋ ಬೇರೆ, ನನಗಿಂತ ಚಿಕ್ಕವನು. ಆಧಾರ್ ಜೆರಾಕ್ಸ್ ಮಾತ್ರ ನಾನು ಕೊಟ್ಟಿದ್ದೇ. ಮೇಳದಲ್ಲಿ ಮೂಲೆಯಲ್ಲಿ ನಮ್ಮ ಊರಿನ ಹೆಸರು ಪೆನ್ನಲ್ಲಿ ಬರೆದುಕೊಂಡಿದ್ದರು. ಅದು ಹಾಗೇ ಇದೆ. ಇನ್‌ಸ್ಪೆಕ್ಟರ್‌ಗೆ ಅದನ್ನು ತೋರಿಸಿದೆ, ಮೇಳ ಹಾಕಿದ್ದವರನ್ನು ಕರೆಸಿದ್ದಾರೆ.

ಇನ್ನು ಸಹಿ. ಅರ್ಜಿಯಲ್ಲಿ ಇಂಗ್ಲಿಷ್ ಸಹಿ ಇದೆ. ನಾನು ಇವತ್ತಿನವರೆಗೂ ಕನ್ನಡದಲ್ಲೇ ಸಹಿ ಹಾಕೋದು. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದರು. ನಾನು ಮೊದಲ ಸಲ ಬ್ಯಾಂಕಿನಲ್ಲಿ ಸಹಿ ಹಾಕಿದಾಗ ಪಕ್ಕದಲ್ಲಿ ನಿಂತು ನೋಡಿದ್ದರು. ಆ ಫೈಲನ್ನೂ ನನ್ನ ಪಾಸ್‌ಬುಕ್ಕನ್ನೂ ಅಮ್ಮನ ಮುಂದೆ ಇಟ್ಟೆ. ಅವಳಿಗೆ ಓದು ಬರಲ್ಲ. ಬೆಳಕಿಗೆ ಹಿಡಿದು ಎರಡನ್ನೂ ನೋಡಿ, ಇಂಗ್ಲಿಷ್ ಸಹಿ ಮೇಲೆ ಬೆರಳಿಟ್ಟು, "ಇದು ನಿನ್ನ ಕೈ ಅಲ್ಲ" ಅಂದಳು.

ಫೋನ್ ಸಾಲ ನಾಲ್ಕು ವರದಿಯಿಂದಲೂ ಹೋಗಿದೆ. ಬೈಕಿನದು ಇನ್ನೂ "ತಕರಾರಿನಲ್ಲಿದೆ" ಅಂತ ತೋರಿಸ್ತಿದೆ, ಒಂಬುಡ್ಸ್‌ಮನ್‌ಗೆ ಹಾಕಿದ್ದೇನೆ. ಕ್ಯಾತ್ಸಂದ್ರದ ಅಕ್ಕ, ನೀವು ಹೇಳಿದ ಹಾಗೆ ಕೆಎ 06 ನಂಬರೇ. ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಬಂದೆ. ಗಾಡಿ ಮಾತ್ರ ಇನ್ನೂ ಸಿಕ್ಕಿಲ್ಲ. ಸಿಗೋವರೆಗೂ ಆರ್‌ಸಿ ನನ್ನ ಹೆಸರಲ್ಲೇ ಉಳಿಯುತ್ತಾ? ಇದನ್ನು ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.