ಚಾರ್ಜರ್‌ನ 'ಭೂದೋಷ': ಅರ್ಥಿಂಗ್ ಸಿಗದಿರುವುದಕ್ಕೂ ಕರೆಂಟು ಸೋರುವುದಕ್ಕೂ ಒಂದೇ ಪದವೇ?

ಮಾನ್ಯರೇ,

ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತಿದ್ದು, ಅತಿಥಿಗಳ ಎಲೆಕ್ಟ್ರಿಕ್ ಕಾರುಗಳಿಗಾಗಿ ಗೋಡೆಗೆ ಒಂದು ಚಾರ್ಜರ್ ಹಾಕಿಸಿದ್ದೇವೆ. ಅದು ಕೈಕೊಟ್ಟಾಗ ಏನು ಮಾಡಬೇಕೆಂಬುದನ್ನು ಕನ್ನಡದಲ್ಲಿ ಬರೆದು ಪಕ್ಕದಲ್ಲೇ ಅಂಟಿಸಬೇಕಾಗಿದೆ. ಚಾರ್ಜರ್ ಜೊತೆ ಬಂದ ಕೈಪಿಡಿಯಲ್ಲಿ ಕನ್ನಡದ ಪುಟವೂ ಇದೆ; ಆದರೆ ಅದರಲ್ಲಿ 'ಗ್ರೌಂಡ್ ಫಾಲ್ಟ್' ಎಂಬುದು 'ಭೂದೋಷ' ಆಗಿದೆ. ಅದನ್ನು ಓದಿದ ನಮ್ಮ ತೋಟದ ಮೇಸ್ತ್ರಿಯವರು, ಆ ಜಾಗಕ್ಕೆ ಶಾಂತಿ ಮಾಡಿಸಬೇಕಾಗುತ್ತದೆಯೇ ಎಂದು ಕೇಳಿದರು. ಅವರು ತಮಾಷೆಗೆ ಕೇಳಿದ್ದಲ್ಲ.

ನನ್ನನ್ನು ಕಾಡುತ್ತಿರುವುದು, ಆ ಪುಟದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿಗೆ ಈ ಒಂದೇ ಪದವನ್ನು ಹಾಕಿರುವುದು. ಮೊದಲನೆಯದು, ಚಾರ್ಜರ್‌ಗೆ ಸರಿಯಾದ ಅರ್ಥಿಂಗ್ ಸಿಗದೆ ಅದು ಚಾರ್ಜಿಂಗ್ ಶುರುಮಾಡಲು ಒಪ್ಪದಿರುವುದು. ಎರಡನೆಯದು, ಫೇಸ್ ತಂತಿಯಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿಯಾಗಿ ಹಿಂದಿರುಗದೆ, ಸ್ವಲ್ಪ ಭಾಗ ಕಾರಿನ ಮೈ, ಒದ್ದೆ ಗೋಡೆ ಅಥವಾ ಮುಟ್ಟಿದವರ ದೇಹದ ಮೂಲಕ ನೆಲಕ್ಕೆ ಇಳಿಯುವುದು. ಈ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ಚು ಕರೆಂಟನ್ನು ಕಡಿದುಹಾಕುತ್ತದೆ. ನಮ್ಮ ಕಡೆ ಮೊದಲನೆಯದು ಬೇಸಿಗೆಯಲ್ಲಿ ಹೆಚ್ಚು, ಏಕೆಂದರೆ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಅರ್ಥಿಂಗ್ ಗುಂಡಿ ಮಾರ್ಚ್ ಹೊತ್ತಿಗೆ ಒಣಗಿಹೋಗಿರುತ್ತದೆ, ಅದಕ್ಕೆ ನಾಲ್ಕು ಕೊಡ ನೀರು ಹುಯ್ದರೆ ಸರಿಹೋಗುವುದೂ ಉಂಟು. ಎರಡನೆಯದು ಆಷಾಢದ ಎರಚಲಿಗೆ, ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಗನ್ನಿನೊಳಗೆ ತೇವ ಸೇರಿದಾಗ ಬರುತ್ತದೆ. ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ನೀರೇ ಕಾರಣ. 'ಭೂದೋಷ ಕಂಡರೆ ಅರ್ಥಿಂಗ್ ಗುಂಡಿಗೆ ನೀರು ಹಾಕಿ' ಎಂದು ಬರೆದು ಅಂಟಿಸಿದರೆ, ಮಳೆಗಾಲದಲ್ಲಿ ಕೊಡ ಹಿಡಿದು ಹೊರಟವರನ್ನು ದೂರುವಂತಿಲ್ಲ.

ಪಠ್ಯಪುಸ್ತಕದ 'ಭೂಸಂಪರ್ಕ' ಒಳ್ಳೆಯ ಪದವೇ, ಆದರೆ ಅದನ್ನು ಬಾಯಲ್ಲಿ ಆಡುವವರನ್ನು ನಾನು ಕಂಡಿಲ್ಲ. ಹಾಸನದಿಂದ ಬರುವ ನಮ್ಮ ಎಲೆಕ್ಟ್ರಿಷಿಯನ್ 'ಅರ್ತು' ಎನ್ನುತ್ತಾರೆ. ಒಮ್ಮೆ ಅವರು ಬಿಟ್ಟುಹೋದ ಚೀಟಿಯಲ್ಲಿ 'ಇಲ್ಲಿ ಅರ್ಥ ಇಲ್ಲ' ಎಂದಿತ್ತು. ಹೀಗಾಗಿ ಬರಹದಲ್ಲಿ 'ಅರ್ಥ್' ಬಿಟ್ಟು 'ಅರ್ಥಿಂಗ್' ಎಂದು ಪೂರ್ತಿ ಬರೆಯುವುದೇ ಕ್ಷೇಮವೆಂದು ತೋರುತ್ತದೆ. 'ಅರ್ಥಿಂಗ್ ಇಲ್ಲ' ಎಂದರೂ ಪೂರ್ತಿ ನಿಜವಾಗದು. ಕರೆಂಟು ಹೋಗಿ ಮನೆ ಜನರೇಟರ್ ಮೇಲೆ ನಡೆಯುವಾಗ, ಆ ಜನರೇಟರ್‌ನ ನ್ಯೂಟ್ರಲ್ಲನ್ನು ಅರ್ಥಿಂಗ್‌ಗೆ ಸೇರಿಸಿರದಿದ್ದರೆ, ಗುಂಡಿ, ತಂತಿ ಎರಡೂ ಚೆನ್ನಾಗಿದ್ದರೂ ಚಾರ್ಜರ್ ಇದೇ ದೂರು ಹೇಳುತ್ತದೆ. ಇದ್ದೂ ಒದಗದಿರುವುದಕ್ಕೆ ಕನ್ನಡದಲ್ಲಿ 'ಸಿಗುತ್ತಿಲ್ಲ' ಎಂಬ ಮಾತು ಸಿದ್ಧವಾಗಿದೆ. ಫೋನಿನ ನೆಟ್‌ವರ್ಕ್‌ಗೆ ನಾವೆಲ್ಲ ಬಳಸುವುದು ಅದನ್ನೇ. ಆದ್ದರಿಂದ ಮೊದಲನೆಯದಕ್ಕೆ 'ಅರ್ಥಿಂಗ್ ಸಿಗುತ್ತಿಲ್ಲ' ಎಂದು ಬರೆದುಕೊಂಡಿದ್ದೇನೆ.

ಎರಡನೆಯದಕ್ಕೆ 'ಸೋರಿಕೆ' ಎನ್ನೋಣವೆಂದರೆ, ಮಲೆನಾಡಿನಲ್ಲಿ ಆ ಪದ ಕೇಳಿದೊಡನೆ ಎಲ್ಲರೂ ಹೆಂಚಿನ ಕಡೆ ನೋಡುತ್ತಾರೆ. 'ಕರೆಂಟು ಸೋರುತ್ತಿದೆ' ಎಂದು ಕರ್ತೃವನ್ನು ಸೇರಿಸಿದರೆ ಗೊಂದಲ ಕಡಿಮೆಯಾಗಬಹುದು, ಆದರೂ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಸಂದೇಹವಿದೆ. ಎಂಸಿಬಿ ಎಂಬ ಇನ್ನೊಂದು ಸುರಕ್ಷಾ ಸ್ವಿಚ್ಚು ಕೆಳಗೆ ಬಿದ್ದರೂ ಆರ್‌ಸಿಸಿಬಿ ಕೆಳಗೆ ಬಿದ್ದರೂ ನಮ್ಮಲ್ಲಿ 'ಟ್ರಿಪ್ ಆಯಿತು' ಎಂದೇ ಹೇಳುತ್ತೇವೆ. ಎಂಸಿಬಿ ಬೀಳುವುದು ತಂತಿ ತಾಳುವುದಕ್ಕಿಂತ ಹೆಚ್ಚು ಕರೆಂಟು ಹರಿದಾಗ. ಗೀಸರ್, ಮಿಕ್ಸಿ ಆರಿಸಿ ಒಮ್ಮೆ ಮೇಲೆತ್ತಿ ನೋಡಬಹುದು. ಆರ್‌ಸಿಸಿಬಿ ಬಿದ್ದಾಗ ಗನ್ ಕಳಚಿ ತೇವ ಇದೆಯೇ ಎಂದು ನೋಡಬೇಕು, ಮತ್ತೆ ಬಿದ್ದರೆ ಕೈಹಚ್ಚದೆ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು. ಈ ಎರಡನ್ನು ಕೇಳಿದೊಡನೆ ಬೇರ್ಪಡಿಸುವ ಜೋಡಿ ಪದ ಯಾರ ಬಳಕೆಯಲ್ಲಾದರೂ ಇದೆಯೇ? ಸಕಲೇಶಪುರ, ಕೊಪ್ಪ ಕಡೆಯ ಲೈನ್‌ಮನ್‌ಗಳು ಕರೆಂಟು ಸೋರುವುದಕ್ಕೆ ಬೇರೆ ಯಾವುದಾದರೂ ಮಾತು ಆಡುವುದನ್ನು ಕೇಳಿದವರು ದಯವಿಟ್ಟು ತಿಳಿಸಬೇಕು. ಮಳೆ ಹಿಡಿಯುವುದರೊಳಗೆ ಹಾಳೆಯನ್ನು ಅಂಟಿಸಬೇಕೆಂದಿದ್ದೇನೆ.